ಶ್ರೀಲಂಕಾ: ಮುರಿದ ಒಪ್ಪಂದಗಳಿಂದ ಮುಳ್ಳಿವಾಯ್ಕಾಲ್‌ವರೆಗೆ

1958ರ ಏಪ್ರಿಲ್. ಕೊಲಂಬೊದಲ್ಲಿ ಪ್ರಧಾನಿ ಬಂಡಾರನಾಯಕೆ ಅವರ ಮನೆ ಮುಂದೆ ಬೌದ್ಧ ಭಿಕ್ಷುಗಳು ಧರಣಿ ಕುಳಿತರು. ತಮಿಳರ ನಾಯಕ ಸೆಲ್ವನಾಯಗಂ ಜೊತೆ ಹಿಂದಿನ ವರ್ಷ ಮಾಡಿಕೊಂಡಿದ್ದ ಒಪ್ಪಂದ ರದ್ದಾಗಬೇಕು ಅನ್ನೋದು ಅವರ ಹಟ. ಬಾಯಿಮಾತು ಸಾಲದು, ಬರೆದುಕೊಡಿ ಎಂದರು. ಪ್ರಧಾನಿ ಬರೆದುಕೊಟ್ಟರು.

ದೇಶ ಒಡೆಯುವಂಥದ್ದು ಆ ಒಪ್ಪಂದದಲ್ಲಿ ಏನೂ ಇರಲಿಲ್ಲ. ತಮಿಳರು ಹೆಚ್ಚಿರುವ ಉತ್ತರ, ಪೂರ್ವದಲ್ಲಿ ಆಡಳಿತ ತಮಿಳಿನಲ್ಲಿ ನಡೆಯಲಿ. ಭೂಮಿ, ಕೃಷಿ, ಶಿಕ್ಷಣ ನೋಡಿಕೊಳ್ಳಲು ಪ್ರಾದೇಶಿಕ ಮಂಡಳಿಗಳಿರಲಿ. ಅಷ್ಟೇ. 1956ರಲ್ಲಿ ಸಿಂಹಳವೊಂದೇ ಅಧಿಕೃತ ಭಾಷೆ ಎಂದು ಕಾನೂನು ತಂದವರು ಇದೇ ಬಂಡಾರನಾಯಕೆ. ಸರ್ಕಾರಿ ನೌಕರಿಯನ್ನೇ ನೆಚ್ಚಿಕೊಂಡಿದ್ದ ಉತ್ತರದ ಜಾಫ್ನಾದ ತಮಿಳು ಮನೆಗಳಿಗೆ ಅದು ಹೊಟ್ಟೆಪಾಡಿನ ಪ್ರಶ್ನೆ. ಒಪ್ಪಂದ ಮುರಿದ ಮರುತಿಂಗಳೇ ಗಲಭೆ ಎದ್ದಿತು. 1959ರಲ್ಲಿ ಭಿಕ್ಷುವೊಬ್ಬ ಬಂಡಾರನಾಯಕೆ ಅವರನ್ನೇ ಗುಂಡಿಕ್ಕಿ ಕೊಂದ. 1965ರಲ್ಲಿ ಪ್ರಧಾನಿಯಾದ ಡಡ್ಲಿ ಸೇನಾನಾಯಕೆ ಸೆಲ್ವನಾಯಗಂ ಜೊತೆ ಮಾಡಿಕೊಂಡ ಒಪ್ಪಂದವೂ ಕಾಗದದಲ್ಲೇ ಉಳಿಯಿತು.

ಮುಂದೆ ಎಲ್‌ಟಿಟಿಇ ನಾಯಕನಾದ ಪ್ರಭಾಕರನ್ ಬಂದದ್ದು ಇದೆಲ್ಲ ಆದಮೇಲೆ. ಸತ್ಯಾಗ್ರಹ ಮಾಡಿದ ಹಿರಿಯರು ಬರಿಗೈಲಿ ವಾಪಸಾಗುವುದನ್ನು ನೋಡುತ್ತಾ ಬೆಳೆದ ಹುಡುಗರು ಪಿಸ್ತೂಲು ಹಿಡಿದರು. 1975ರಲ್ಲಿ ಜಾಫ್ನಾದ ಮೇಯರ್ ದುರೈಯಪ್ಪ ಅವರನ್ನು ಕೊಂದಾಗ ಪ್ರಭಾಕರನ್‌ಗೆ 20 ವರ್ಷ. ಮರುವರ್ಷ ಪ್ರತ್ಯೇಕ ತಮಿಳು ದೇಶ ಬೇಕೆಂದ ಎಲ್‌ಟಿಟಿಇ, ಅಂದರೆ ಪುಲಿಗಳ (ಹುಲಿಗಳ) ಸಂಘಟನೆ, ಹುಟ್ಟಿತು. 1981ರಲ್ಲಿ ಜಾಫ್ನಾ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಸುಮಾರು 97,000 ಪುಸ್ತಕ, ತಾಳೆಗರಿಗಳು ಬೂದಿಯಾದವು.

1983ರ ಜುಲೈನಲ್ಲಿ ಪುಲಿಗಳು 13 ಸೈನಿಕರನ್ನು ಕೊಂದರು. ಮರುದಿನದಿಂದ ಕೊಲಂಬೊದಲ್ಲಿ ಗುಂಪುಗಳು ಮತದಾರರ ಪಟ್ಟಿ ಹಿಡಿದು ತಮಿಳರ ಮನೆ ಹುಡುಕಿದವು. ಒಂದು ಮನೆ ಸುಡಬೇಕು, ಪಕ್ಕದ್ದು ಉಳಿಯಬೇಕು ಅಂದರೆ ಪಟ್ಟಿ ಬೇಕಲ್ವಾ? ಅಧ್ಯಕ್ಷ ಜಯವರ್ಧನೆ ದಿನಗಳ ನಂತರ ಟಿವಿಯಲ್ಲಿ ಕಾಣಿಸಿಕೊಂಡಾಗಲೂ ತಮಿಳರಿಗೊಂದು ಸಾಂತ್ವನದ ಮಾತು ಆಡಲಿಲ್ಲ. ಸಾವಿರಾರು ಯುವಕರು ಪುಲಿಗಳ ಜೊತೆಗೂ ಬೇರೆ ಗುಂಪುಗಳಿಗೂ ಸೇರಿದರು.

1957ರ ಒಪ್ಪಂದದ ವಿರುದ್ಧ ಕ್ಯಾಂಡಿಗೆ ಪಾದಯಾತ್ರೆ ಹೊರಟಿದ್ದವರೂ ಇದೇ ಜಯವರ್ಧನೆ. 30 ವರ್ಷದ ಮೇಲೆ, 1987ರಲ್ಲಿ, ರಾಜೀವ್ ಗಾಂಧಿ ಜೊತೆ ಸಹಿ ಹಾಕಿ ಪ್ರಾಂತೀಯ ಮಂಡಳಿಗಳನ್ನು ಒಪ್ಪಬೇಕಾಯಿತು. ಅಷ್ಟು ಹೊತ್ತಿಗೆ ಪುಲಿಗಳಿಗೆ ಬರೀ ಮಂಡಳಿ ಸಾಲದಾಗಿತ್ತು. ಶಾಂತಿ ಕಾಪಾಡಲು ಹೋದ ಭಾರತೀಯ ಸೇನೆ ಅವರ ಮೇಲೇ ಕಾದಾಡಿ, ಸುಮಾರು 1,200 ಯೋಧರನ್ನು ಕಳೆದುಕೊಂಡು 1990ರಲ್ಲಿ ಮರಳಿತು. ಮರುವರ್ಷ ಶ್ರೀಪೆರಂಬದೂರಿನಲ್ಲಿ ರಾಜೀವ್ ಹತ್ಯೆಯಾಯಿತು. ಹಂತಕರ ತಂಡದ ಶಿವರಾಸನ್ ಸತ್ತದ್ದು ಬೆಂಗಳೂರಿನ ಕೋಣನಕುಂಟೆಯಲ್ಲಿ.

ಪುಲಿಗಳ ಲೆಕ್ಕವನ್ನೂ ಹೇಳಲೇಬೇಕು. ಸೆಲ್ವನಾಯಗಂ ಹಾದಿಯಲ್ಲೇ ನಡೆದ ತಮಿಳು ನಾಯಕ ಅಮೃತಲಿಂಗಂ ಅವರನ್ನು 1989ರಲ್ಲಿ ಕೊಂದವರು ಅವರೇ. 1990ರಲ್ಲಿ ಉತ್ತರದ ಮುಸ್ಲಿಮರನ್ನೆಲ್ಲ ಊರು ಬಿಡಿಸಿದವರೂ ಅವರೇ.

2002ರಲ್ಲಿ ನಾರ್ವೆ ಮಧ್ಯಸ್ಥಿಕೆಯಲ್ಲಿ ಕದನ ವಿರಾಮ ಬಂತು. 2004ರಲ್ಲಿ ಪೂರ್ವ ಭಾಗದ ದಂಡನಾಯಕ ಕರುಣಾ ಪುಲಿಗಳಿಂದ ಬೇರೆಯಾದ. 2005ರ ಅಧ್ಯಕ್ಷ ಚುನಾವಣೆಯಲ್ಲಿ ಮತ ಹಾಕದಂತೆ ಪುಲಿಗಳು ತಮಿಳರನ್ನು ತಡೆದರು. ಕದನ ವಿರಾಮಕ್ಕೆ ಸಹಿ ಹಾಕಿದ್ದ ರನಿಲ್ ವಿಕ್ರಮಸಿಂಘೆ ಅಲ್ಪ ಅಂತರದಲ್ಲಿ ಸೋತರು, ಮಹಿಂದ ರಾಜಪಕ್ಸ ಗೆದ್ದರು. 2009ರ ಮೇನಲ್ಲಿ ಮುಳ್ಳಿವಾಯ್ಕಾಲ್ ಕರಾವಳಿಯಲ್ಲಿ, ಜನರ ನಡುವೆಯೇ ಶೆಲ್‌ಗಳು ಬೀಳುತ್ತಿರುವಾಗ, ಯುದ್ಧ ಮುಗಿಯಿತು. ಕೊನೆಯ ತಿಂಗಳುಗಳಲ್ಲಿ 40,000ದಷ್ಟು ನಾಗರಿಕರು ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ಹೇಳಿತು.

ಉತ್ತರ ಪ್ರಾಂತೀಯ ಮಂಡಳಿಗೆ ಚುನಾವಣೆ ನಡೆದದ್ದು 2013ರಲ್ಲಿ. 2018ರಲ್ಲಿ ಅದರ ಅವಧಿ ಮುಗಿಯಿತು. ಭೂಮಿ ಮತ್ತು ಪೊಲೀಸ್ ಅಧಿಕಾರ ಅಷ್ಟರೊಳಗೆ ಅದರ ಕೈಗೆ ಬರಲಿಲ್ಲ.