ಜಾನ್ ಹಾರ್ನರ್‌ನನ್ನು ಯಾರು ಕೇಳಿದರು?

ಯಹೂದಿ ತತ್ವಶಾಸ್ತ್ರದ ತರಗತಿಯಲ್ಲಿ ಪಶ್ಚಾತ್ತಾಪದ ಪಾಠ ಬಂದಾಗ ನಾನು ಒಂದು ಷೆರ್ಲಾಕ್ ಹೋಮ್ಸ್ ಕಥೆ ಓದಿಸುತ್ತೇನೆ. 1892ರಲ್ಲಿ ಪ್ರಕಟವಾದ, ಹೆಬ್ಬಾತಿನೊಳಗೆ ನೀಲಿ ಹರಳು ಸಿಗುವ ಕಥೆ ಅದು. ಕೊನೆಯಲ್ಲಿ ಕಳ್ಳ ಜೇಮ್ಸ್ ರೈಡರ್ ಹೋಮ್ಸ್‌ನ ಕಾಲಿಗೆ ಬಿದ್ದು ಅಳುತ್ತಾನೆ. ಹೋಮ್ಸ್ ಬಾಗಿಲು ತೆರೆದು ಅವನನ್ನು ಬಿಟ್ಟುಬಿಡುತ್ತಾನೆ. ಕ್ರಿಸ್‌ಮಸ್ ಸಮಯ ಬೇರೆ. ಇದರ ಬಗ್ಗೆ ಬರೆಯಿರಿ ಎಂದರೆ ಪ್ರತಿ ವರ್ಷ ಅದೇ ಉತ್ತರ: "ರೈಡರ್ ಪಶ್ಚಾತ್ತಾಪಪಟ್ಟ, ಹೋಮ್ಸ್ ಕ್ಷಮಿಸಿದ, ಹರಳೂ ಸಿಕ್ಕಿತು. ಮೈಮೊನಿಡೀಸ್ ಹೇಳುವುದೂ ಇದನ್ನೇ."

ಮಧ್ಯಯುಗದ ಯಹೂದಿ ತತ್ವಜ್ಞಾನಿ ಮೈಮೊನಿಡೀಸ್ ಖಂಡಿತ ಇದನ್ನು ಹೇಳುವುದಿಲ್ಲ. ಎಷ್ಟು ಸಲ ಹೇಳಿದರೂ ಈ ಉತ್ತರ ಬರುವುದು ನಿಂತಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಹೋಮ್ಸ್‌ಗೆ ಕ್ಷಮಿಸುವ ಅಧಿಕಾರ ಎಲ್ಲಿಂದ ಬಂತು? ರೈಡರ್ ಕದ್ದದ್ದು ಅವನ ಹರಳನ್ನಲ್ಲ, ಮೊರ್ಕಾರ್ ಕೌಂಟೆಸ್‌ದು. ಸರಿ, ಹರಳು ಅವಳಿಗೆ ವಾಪಸ್ ಹೋಗುತ್ತದೆ ಅಂದುಕೊಳ್ಳೋಣ. ಆದರೆ ಜಾನ್ ಹಾರ್ನರ್ ನೆನಪಿದ್ದಾನಾ? ಇಪ್ಪತ್ತಾರು ವರ್ಷದ ಪ್ಲಂಬರ್. ಹಿಂದೊಮ್ಮೆ ಕಳ್ಳತನಕ್ಕೆ ಶಿಕ್ಷೆ ಅನುಭವಿಸಿದವನು. ಅದು ಗೊತ್ತಿದ್ದೇ ಹೋಟೆಲ್ ನೌಕರನಾದ ರೈಡರ್, ಕೌಂಟೆಸ್ ತಂಗಿದ್ದ ಕೋಣೆಯಲ್ಲಿ ಒಂದು ಸಣ್ಣ ರಿಪೇರಿ ಕೆಲಸ ಹುಟ್ಟಿಸಿ ಅವನನ್ನು ಕರೆಸಿದ. ಅವನು ಹೋದ ಮೇಲೆ ಹರಳು ಕದ್ದ. ಆಮೇಲೆ ತಾನೇ ಗುಲ್ಲೆಬ್ಬಿಸಿ ಅವನನ್ನು ಹಿಡಿಸಿದ. ನನ್ನ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಹಾರ್ನರ್‌ನ ಹೆಸರು ಹೆಚ್ಚಾಗಿ ಬರುವುದೇ ಇಲ್ಲ.

ಮನುಷ್ಯ ಮತ್ತು ದೇವರ ನಡುವಿನ ತಪ್ಪನ್ನು ಯಹೂದಿಗಳ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪುರ್ ತೊಳೆಯುತ್ತದೆ. ಮನುಷ್ಯರ ನಡುವಿನ ತಪ್ಪನ್ನು, ನೊಂದವನನ್ನು ಸಮಾಧಾನ ಮಾಡುವ ತನಕ, ಆ ದಿನವೂ ತೊಳೆಯುವುದಿಲ್ಲ. ಇದು ಯಹೂದಿಗಳ ಪ್ರಾಚೀನ ಧರ್ಮನಿಯಮ ಸಂಗ್ರಹವಾದ ಮಿಶ್ನಾದ ಮಾತು. ಮೈಮೊನಿಡೀಸ್ ಹನ್ನೆರಡನೇ ಶತಮಾನದಲ್ಲಿ ಈಜಿಪ್ಟಿನಲ್ಲಿ ಬರೆದ ಧರ್ಮಸಂಹಿತೆಯಲ್ಲಿ ಇದನ್ನು ಬಿಡಿಸಿ ಹೇಳುತ್ತಾರೆ. ಕದ್ದದ್ದನ್ನು ವಾಪಸ್ ಕೊಟ್ಟರೂ ಮುಗಿಯಲಿಲ್ಲ. ನೊಂದವನ ಹತ್ತಿರ ಹೋಗಬೇಕು, ಕ್ಷಮೆ ಕೇಳಬೇಕು. ಒಪ್ಪದಿದ್ದರೆ ಅವನ ಮೂವರು ಸ್ನೇಹಿತರನ್ನು ಕರೆದುಕೊಂಡು ಹೋಗಿ ಕೇಳಬೇಕು. ಎರಡನೇ ಸಲ, ಮೂರನೇ ಸಲವೂ ಹೀಗೇ. ನೊಂದವನು ತನ್ನ ಗುರುವಾಗಿದ್ದರೆ ಸಾವಿರ ಸಲವಾದರೂ ಸರಿ. ಅವನು ಸತ್ತೇ ಹೋಗಿದ್ದರೆ ಹತ್ತು ಜನರನ್ನು ಸಮಾಧಿಯ ಬಳಿ ನಿಲ್ಲಿಸಿ ಒಪ್ಪಿಕೊಳ್ಳಬೇಕು. ನೋಡಿ, ಸತ್ತವನ ಪರವಾಗಿ ಕ್ಷಮಿಸುವ ಕೆಲಸವನ್ನು ಇಲ್ಲಿ ಮೂರನೆಯವರಿಗೆ ವಹಿಸಿಲ್ಲ.

ಹರಳಿನ ಲೋಕ ಮೈಮೊನಿಡೀಸ್‌ಗೆ ಹೊಸದೇನಲ್ಲ. ಅವರ ತಮ್ಮ ಡೇವಿಡ್ ರತ್ನದ ವ್ಯಾಪಾರಿ ಆಗಿದ್ದ ಎನ್ನುತ್ತಾರೆ. ಅವನು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಅವನ ಜೊತೆ ತನ್ನ ಹಣ, ಅವನ ಹಣ, ಬೇರೆಯವರ ಹಣವೂ ಹೋಯಿತು ಎಂದು ಮೈಮೊನಿಡೀಸ್ ಒಂದು ಪತ್ರದಲ್ಲಿ ಬರೆದಿದ್ದಾರೆ. ಆ ದುಃಖದಲ್ಲಿ ಸುಮಾರು ಒಂದು ವರ್ಷ ಹಾಸಿಗೆ ಹಿಡಿದಿದ್ದರಂತೆ. ಆ ಸಮುದ್ರದಾರಿ ನಮಗೂ ದೂರದ್ದಲ್ಲ. ಅದೇ ಶತಮಾನದಲ್ಲಿ, ಸ್ವಲ್ಪ ಮುಂಚೆ, ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ನೆಲೆಸಿದ್ದ.

ಕಥೆಗೆ ಬರೋಣ. "ಹಾರ್ನರ್ ಹೇಗೂ ಬಿಡುಗಡೆ ಆಗ್ತಾನಲ್ಲ ಸಾರ್?" ಎಂದು ಯಾರಾದರೂ ಕೇಳೇ ಕೇಳುತ್ತಾರೆ. ನಿಜ, ರೈಡರ್ ಸಾಕ್ಷಿ ಹೇಳಲು ಬರುವುದಿಲ್ಲ, ಕೇಸು ಬಿದ್ದುಹೋಗುತ್ತದೆ ಎಂದು ಹೋಮ್ಸ್ ಹೇಳುತ್ತಾನೆ. ಆದರೆ ಸಾಕ್ಷಿ ಇಲ್ಲದೆ ಬಿಡುಗಡೆಯಾಗುವುದೇ ಬೇರೆ, ಇವನು ಕದ್ದಿಲ್ಲ ಎಂದು ಊರಿಗೆಲ್ಲ ಗೊತ್ತಾಗುವುದೇ ಬೇರೆ. ಹಳೇ ಶಿಕ್ಷೆ ಇರುವ ಪ್ಲಂಬರ್‌ನನ್ನು ನಾಳೆ ಯಾವ ಹೋಟೆಲು ಕೆಲಸಕ್ಕೆ ಕರೆಯುತ್ತದೆ? ರೈಡರ್ ಅತ್ತದ್ದು ಯಾರ ಮುಂದೆ? ಸಿಕ್ಕಿಬಿದ್ದ ಮೇಲೆ, ತನ್ನನ್ನು ಹಿಡಿದವನ ಮುಂದೆ. ಹಾರ್ನರ್‌ಗೆ ಒಂದು ಸಾಲಿನ ಪತ್ರವನ್ನೂ ಅವನು ಬರೆಯಲಿಲ್ಲ.

ಇದನ್ನು ಕೇಳಿ ಈ ಪರಂಪರೆ ತುಂಬಾ ಬಿಗಿ ಅಂದುಕೊಳ್ಳಬೇಡಿ. ಕದ್ದ ತೊಲೆಯನ್ನು ಮನೆ ಕಟ್ಟಲು ಬಳಸಿಬಿಟ್ಟಿದ್ದರೆ ಏನು ಮಾಡಬೇಕು? ಶಮ್ಮಾಯ್, ಹಿಲ್ಲೆಲ್ ಎಂಬುವು ಪ್ರಾಚೀನ ಯಹೂದಿ ಪಂಡಿತರ ಎರಡು ಪಂಥಗಳು. ಶಮ್ಮಾಯ್ ಪಂಥದವರು ಕಟ್ಟಡ ಕೆಡವಿ ತೊಲೆಯನ್ನೇ ಕೊಡಬೇಕು ಅಂದರು. ಹಿಲ್ಲೆಲ್ ಪಂಥದವರು ಬೆಲೆ ಕೊಟ್ಟರೆ ಸಾಕು ಅಂದರು. ತಿದ್ದಿಕೊಳ್ಳಲು ಬಂದವನಿಗೆ ದಾರಿ ಮುಚ್ಚಬಾರದು ಅನ್ನುವುದು ಅವರ ಕಾಳಜಿ. ಕೊನೆಗೆ ನಿಯಮವಾಗಿ ಉಳಿದದ್ದೂ ಹಿಲ್ಲೆಲ್ ಪಂಥದವರ ಅಭಿಪ್ರಾಯವೇ. ಮನಸಾರೆ ಕೇಳಿದರೂ ಕ್ಷಮಿಸದೆ ಕ್ರೂರವಾಗಿರುವುದು ತಪ್ಪು ಎಂದು ಮೈಮೊನಿಡೀಸ್ ಕೂಡ ಹೇಳುತ್ತಾರೆ. ಕೇಳಬೇಕಾದವನನ್ನೇ ಕೇಳಬೇಕು, ಅಷ್ಟೇ.

ಒಂದು ಎಚ್ಚರಿಕೆ. ಹದಿನಾರನೇ ಶತಮಾನದ ಪೋಲೆಂಡಿನ ಯಹೂದಿ ಧರ್ಮಶಾಸ್ತ್ರಜ್ಞ ಮೋಶೆ ಇಸ್ಸೆರ್ಲಿಸ್ ಪ್ರಕಾರ, ಸುಳ್ಳು ಅಪವಾದ ಹೊರಿಸಿದವನನ್ನು ಕ್ಷಮಿಸಲೇಬೇಕು ಅಂತೇನೂ ಇಲ್ಲ. ಹಾಗಾದರೆ ಹಾರ್ನರ್ ಕ್ಷಮಿಸದೆಯೂ ಇರಬಹುದಿತ್ತೇ? ಇರಬಹುದು. ಆದರೆ ನಾನು ತತ್ವಶಾಸ್ತ್ರದ ಮೇಷ್ಟ್ರು. ಆ ನಿಯಮ ಇಂಥ ಪ್ರಸಂಗಕ್ಕೆ ಎಷ್ಟು ಒಪ್ಪುತ್ತದೆ ಅನ್ನುವುದನ್ನು ಯಹೂದಿ ಧರ್ಮಗುರುಗಳಾದ ರಬ್ಬಿಗಳು ಹೇಳಬೇಕು.

ಹೋದ ವರ್ಷ ಒಬ್ಬ ಹುಡುಗಿ ಬೇರೆಯೇ ಪ್ರಶ್ನೆ ಎತ್ತಿದಳು. ಗೊತ್ತಿದ್ದೂ ಸಾಕ್ಷಿ ಹೇಳದವನು ತನ್ನ ಪಾಪವನ್ನು ತಾನೇ ಹೊರುತ್ತಾನೆ ಎಂದು ಯಹೂದಿಗಳ ಪವಿತ್ರ ಗ್ರಂಥ ತೋರಾದ ಯಾಜಕಕಾಂಡದಲ್ಲಿದೆ. ರೈಡರ್ ಒಪ್ಪಿಕೊಂಡದ್ದನ್ನು ಹೋಮ್ಸ್, ವಾಟ್ಸನ್ ಇಬ್ಬರೂ ಕೇಳಿದ್ದಾರೆ. ಹಾಗಿದ್ದರೆ ಹಾರ್ನರ್‌ನ ಕ್ಷಮೆ ಕೇಳಬೇಕಾದವರು ಮೂವರು, ಅಲ್ವಾ ಎಂದಳು. ಅವಳ ವಾದವನ್ನು ಈಗ ಪ್ರತಿ ತರಗತಿಯಲ್ಲೂ ಬೋರ್ಡಿನ ಮೇಲೆ ಬರೆಯುತ್ತೇನೆ.