ಬೆಕ್ಕಿಗೂ ಚಿಂಪಾಂಜಿಗೂ ಏನು ಜಗಳ? ಸೈಕಾಲಜಿ ಶಾಖೆಗಳು ಹುಟ್ಟಿದ ಬಗೆ

ಮೈಸೂರಲ್ಲಿ ಟಿಇಟಿಗೆ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಗೆ, ಓದುತ್ತಿರುವ ಯಾರನ್ನಾದರೂ ಕೇಳಿ, ಪಟ್ ಅಂತ ಉತ್ತರ ಬರುತ್ತದೆ. ಥಾರ್ನ್‌ಡೈಕ್ ಅಂದರೆ ಬೆಕ್ಕು, ಪಾವ್ಲೋವ್ ಅಂದರೆ ನಾಯಿ, ಸ್ಕಿನ್ನರ್ ಅಂದರೆ ಇಲಿ, ಕೋಹ್ಲರ್ ಅಂದರೆ ಚಿಂಪಾಂಜಿ. ಮಂಡ್ಯ, ಪಾಂಡವಪುರದ ಕಡೆಯಿಂದ ಕೋಚಿಂಗ್‌ಗೆ ಬರುವವರೂ ಇದನ್ನೇ ಬಾಯಿಪಾಠ ಮಾಡುತ್ತಾರೆ. ಒಂದು ಅಂಕದ ಪ್ರಶ್ನೆಗೆ ಇಷ್ಟು ಸಾಕು. ಆದರೆ ಸೈಕಾಲಜಿಯ ಒಂದೊಂದು ಶಾಖೆಯೂ ಹುಟ್ಟಿದ್ದು, ಹಿಂದಿನವರು ಹೇಳಿದ್ದು ಸಾಲದು ಅಂತ ಯಾರೋ ತಕರಾರು ತೆಗೆದಾಗ. ಆ ತಕರಾರು ಗೊತ್ತಿಲ್ಲದೆ ಪರಿಕಲ್ಪನೆಗಳನ್ನು ಓದಿದರೆ ಪರೀಕ್ಷೆ ಮುಗಿದ ಮಾರನೇ ದಿನ ಏನೂ ಉಳಿಯುವುದಿಲ್ಲ.

ಬೆಕ್ಕನ್ನೇ ತೆಗೆದುಕೊಳ್ಳಿ. 1898ರಲ್ಲಿ ಥಾರ್ನ್‌ಡೈಕ್ ಹಸಿದ ಬೆಕ್ಕನ್ನು ಪೆಟ್ಟಿಗೆಯಲ್ಲಿ ಕೂಡಿಹಾಕಿ, ಅದು ಹೊರಬರಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಪ್ರತಿ ಸಲ ಅಳೆದರು. ಹೊತ್ತು ನಿಧಾನವಾಗಿ ಕಡಿಮೆಯಾಗುತ್ತಾ ಬಂತು. ಹಾಗಾಗಿ ಕಲಿಕೆ ಎಂದರೆ ತಪ್ಪು ಮಾಡುತ್ತಾ ಮಾಡುತ್ತಾ ಸರಿಯಾದದ್ದು ಗಟ್ಟಿಯಾಗುವುದು, ಅಷ್ಟೇ ಎಂದರು. ಕೋಹ್ಲರ್ ಇದನ್ನು ಒಪ್ಪಲಿಲ್ಲ. ಬಾಗಿಲು ಹೇಗೆ ತೆರೆಯುತ್ತದೆ ಅನ್ನುವುದೇ ಬೆಕ್ಕಿಗೆ ಪೂರ್ತಿ ಕಾಣದಿದ್ದರೆ ಅದು ಯೋಚನೆ ಮಾಡುವುದಾದರೂ ಹೇಗೆ ಎಂಬುದು ಅವರ ಪ್ರಶ್ನೆ. ಟೆನೆರಿಫ್ ದ್ವೀಪದಲ್ಲಿ ಅವರು ಚಿಂಪಾಂಜಿಗಳ ಮುಂದೆ ಬಾಳೆಹಣ್ಣು, ಕೋಲು, ಪೆಟ್ಟಿಗೆ ಎಲ್ಲವನ್ನೂ ಕಣ್ಣಿಗೆ ಕಾಣುವಂತೆ ಇಟ್ಟರು. ಸುಲ್ತಾನ್ ಎಂಬ ಚಿಂಪಾಂಜಿ ಎರಡು ಕೋಲನ್ನು ಒಂದಕ್ಕೊಂದು ಸಿಕ್ಕಿಸಿ ಹಣ್ಣು ಎಳೆದುಕೊಂಡಿತು. ಒಳನೋಟದ ಕಲಿಕೆ ಎಂದು ನಾವು ಓದುವುದು ಇದನ್ನೇ. ಇದು ಥಾರ್ನ್‌ಡೈಕ್‌ಗೆ ಕೊಟ್ಟ ಉತ್ತರ ಎಂದು ಗೊತ್ತಾದ ಮೇಲೆ ಎರಡೂ ಒಟ್ಟಿಗೇ ನೆನಪಿರುತ್ತವೆ, ಅಲ್ವಾ?

ಇದಕ್ಕೂ ಮುಂಚೆ, 1879ರಲ್ಲಿ ವುಂಟ್ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಸೈಕಾಲಜಿ ಪ್ರಯೋಗಾಲಯ ತೆರೆದಿದ್ದರು. ತಮ್ಮ ಮನಸ್ಸಿನಲ್ಲಿ ಏನಾಗುತ್ತಿದೆ ಎಂದು ಜನರೇ ಗಮನಿಸಿ ಹೇಳಬೇಕಿತ್ತು. 1913ರಲ್ಲಿ ವಾಟ್ಸನ್ ಇದನ್ನು ತಳ್ಳಿಹಾಕಿದರು. ಕಣ್ಣಿಗೆ ಕಾಣುವ ವರ್ತನೆಯನ್ನು ಮಾತ್ರ ಓದೋಣ ಎಂದರು. ಇದೇ ವರ್ತನಾವಾದ. ಊಟದ ಸೂಚನೆ ಸಿಕ್ಕರೆ ಸಾಕು ಜೊಲ್ಲು ಸುರಿಸಲು ಕಲಿತ ಪಾವ್ಲೋವ್‌ರ ನಾಯಿ ಅವರಿಗೆ ಅನುಕೂಲಕ್ಕೆ ಬಂತು. ಆಮೇಲೆ ಸ್ಕಿನ್ನರ್ ಬಂದು, ವರ್ತನೆಗೆ ಸಿಗುವ ಫಲ ಆ ವರ್ತನೆಯನ್ನು ಹೇಗೆ ಬದಲಿಸುತ್ತದೆ ಎಂದು ನೋಡಿದರು. ವರ್ತನೆಯನ್ನು ಹೆಚ್ಚಿಸುವ ಫಲಕ್ಕೆ ಪುನರ್ಬಲನ ಎಂದು ಹೆಸರು. ಇಲ್ಲಿ ನಮ್ಮವರು ಪದೇಪದೇ ಎಡವುವ ಜಾಗ ಒಂದಿದೆ: ಋಣಾತ್ಮಕ ಪುನರ್ಬಲನ ಎಂದರೆ ಶಿಕ್ಷೆ ಅಲ್ಲ. ಬೇಡದ್ದನ್ನು ತೆಗೆದುಹಾಕಿದ್ದರಿಂದ ವರ್ತನೆ ಜಾಸ್ತಿಯಾದರೆ ಅದು ಪುನರ್ಬಲನ. ಶಿಕ್ಷೆಯಿಂದ ವರ್ತನೆ ಕಡಿಮೆಯಾಗಬೇಕು. ಹೋಂವರ್ಕ್ ಮಾಡಿದ ತಕ್ಷಣ ಅಮ್ಮ ಬೈಯುವುದು ನಿಲ್ಲಿಸಿದರು, ಹಾಗಾಗಿ ಮಗು ದಿನಾ ಹೋಂವರ್ಕ್ ಮಾಡಲು ಶುರುಮಾಡಿತು ಅಂದುಕೊಳ್ಳಿ, ಅದು ಋಣಾತ್ಮಕ ಪುನರ್ಬಲನ.

ಫ್ರಾಯ್ಡ್ ಬಗ್ಗೆ ನಮ್ಮ ಪುಸ್ತಕಗಳು ಬೇಕಾದ್ದಕ್ಕಿಂತ ಜಾಸ್ತಿ ಪುಟ ಕೊಡುತ್ತವೆ ಅನ್ನುವುದು ನನ್ನ ಅಭಿಪ್ರಾಯ. ನಮಗೇ ಗೊತ್ತಿಲ್ಲದ ಕಾರಣಗಳು ನಮ್ಮನ್ನು ನಡೆಸುತ್ತವೆ ಎಂಬ ಮಾತು ಉಳಿದಿದೆ. ಆದರೆ ಅವರ ಬಹಳಷ್ಟು ಸಿದ್ಧಾಂತಗಳನ್ನು ಪರೀಕ್ಷಿಸಿ ನೋಡುವುದೇ ಕಷ್ಟ.

ನಮ್ಮೂರಿಗೆ ಹತ್ತಿರದ ಕಥೆ ಬೇರೆ ಇದೆ. 1905ರಲ್ಲಿ ಪ್ಯಾರಿಸ್‌ನಲ್ಲಿ ಬಿನೆ ಮತ್ತು ಸಿಮೋನ್ ಬುದ್ಧಿಶಕ್ತಿ ಪರೀಕ್ಷೆ ತಯಾರಿಸಿದರು. ಶಾಲೆಯಲ್ಲಿ ಹಿಂದುಳಿದ, ಹೆಚ್ಚಿನ ಸಹಾಯ ಬೇಕಾದ ಮಕ್ಕಳನ್ನು ಗುರುತಿಸುವುದು ಅದರ ಉದ್ದೇಶ. ಬುದ್ಧಿ ಹುಟ್ಟಿನಿಂದಲೇ ಇಷ್ಟೇ ಎಂದು ನಿಗದಿಯಾಗಿದೆ ಎಂಬುದನ್ನು ಬಿನೆ ಕಡೆಯವರೆಗೂ ಒಪ್ಪಲಿಲ್ಲ. ಆದರೆ ಪರೀಕ್ಷೆ ಅಮೆರಿಕಕ್ಕೆ ಹೋಗಿದ್ದೇ ತಡ, ಸಹಾಯಕ್ಕೆ ಅಂತ ಮಾಡಿದ್ದು ಹಣೆಪಟ್ಟಿ ಹಚ್ಚುವ ಸಾಧನವಾಯಿತು. ಇನ್ನೊಂದು ಕಡೆ ಇಂಗ್ಲೆಂಡಿನ ಸ್ಪಿಯರ್‌ಮನ್, ಎಲ್ಲ ಬುದ್ಧಿಯ ಕೆಲಸಗಳ ಹಿಂದೆ ಒಂದು ಸಾಮಾನ್ಯ ಸಾಮರ್ಥ್ಯ ಇದೆ ಎಂದು 1904ರಲ್ಲೇ ಹೇಳಿದ್ದರು. ಲಂಡನ್ನಿನಲ್ಲಿ ಅವರ ಬಳಿ ಕಲಿತು ಬಂದವರು ಎಂ.ವಿ. ಗೋಪಾಲಸ್ವಾಮಿ. 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನಃಶಾಸ್ತ್ರ ವಿಭಾಗ ಶುರುವಾದಾಗ ಅದರ ಹೊಣೆ ಹೊತ್ತವರೂ ಅವರೇ. ಆಗ ದೇಶದಲ್ಲಿ ಇದಕ್ಕಿಂತ ಹಳೆಯ ವಿಭಾಗ ಇದ್ದದ್ದು ಕಲ್ಕತ್ತದಲ್ಲಿ. 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ನಡೆಸಿ ಅದಕ್ಕೆ ಆಕಾಶವಾಣಿ ಎಂದು ಹೆಸರಿಟ್ಟ ಗೋಪಾಲಸ್ವಾಮಿ ಇವರೇ. ರೇಡಿಯೋ ಕಥೆ ಮೈಸೂರಿನವರಿಗೆ ಗೊತ್ತು. ಆದರೆ ಪಾಶ್ಚಾತ್ಯ ಬುದ್ಧಿಶಕ್ತಿ ಪರೀಕ್ಷೆಗಳನ್ನು ನಮ್ಮ ಜನಕ್ಕೆ ಹೊಂದುವಂತೆ ಮಾರ್ಪಡಿಸುವ ಅವರ ಕೆಲಸ ಅಷ್ಟು ಗೊತ್ತಿಲ್ಲ. ನನಗೆ ಅದೇ ದೊಡ್ಡದು. ಅಮೆರಿಕದ ಚಿಲ್ಲರೆ ಕಾಸಿನ ಲೆಕ್ಕ ಕೇಳಿ, ಮದ್ದೂರಿನ ಮಗುವಿಗೆ ಉತ್ತರ ಬರಲಿಲ್ಲ ಎಂದು ದಡ್ಡ ಅನ್ನುವುದು ಅನ್ಯಾಯ ತಾನೇ.

ಮಗುವಿನ ಸುತ್ತಲಿನ ಲೋಕ ಎಷ್ಟು ಮುಖ್ಯ ಎಂಬುದೇ ಮಕ್ಕಳು ಬೆಳೆಯುವ ಬಗೆಯನ್ನು ಓದುವ ವಿಕಾಸ ಮನಃಶಾಸ್ತ್ರದಲ್ಲೂ ಜಗಳ. ಮಗು ತಾನೇ ಹುಡುಕಿ ಕಲಿಯುತ್ತದೆ, ಅದಕ್ಕೆ ಹಂತಗಳಿವೆ ಎಂದು ಪಿಯಾಜೆ ಒತ್ತಿ ಹೇಳಿದರು. ವೈಗೋಟ್‌ಸ್ಕಿ, ಗೊತ್ತಿರುವವರು ಜೊತೆಗಿದ್ದರೆ ಮಗು ಒಂಟಿಯಾಗಿ ಮಾಡಲಾಗದ್ದನ್ನೂ ಮಾಡುತ್ತದೆ ಎಂದರು. ಅಕ್ಕನ ಪಕ್ಕ ಕೂತು ಲೆಕ್ಕ ಕಲಿತ ಎಲ್ಲರಿಗೂ ಇದು ಗೊತ್ತು.

ಪರೀಕ್ಷೆ ಅಂದರೆ ಕೈ ನಡುಗುವ ಹುಡುಗಿಯ ಹತ್ತಿರ ಈ ಜಗಳಗಳೆಲ್ಲ ಬಂದು ಸೇರುತ್ತವೆ. ವರ್ತನಾವಾದಿ ಭಯವನ್ನು ಕಲಿತ ಹಾಗೆಯೇ ಮರೆಸಬಹುದು ಅನ್ನುತ್ತಾನೆ. 1924ರಲ್ಲೇ ಮೇರಿ ಕವರ್ ಜೋನ್ಸ್ ಮೊಲಕ್ಕೆ ಹೆದರುತ್ತಿದ್ದ ಮಗುವಿನ ಹತ್ತಿರಕ್ಕೆ ಮೊಲವನ್ನು ಸ್ವಲ್ಪ ಸ್ವಲ್ಪವಾಗಿ ತಂದು ಭಯ ಬಿಡಿಸಿದ್ದರು. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಬೆಕ್ ಬಂದು, ನಾನು ಫೇಲಾದರೆ ಎಲ್ಲಾ ಮುಗಿಯಿತು ಅನ್ನುವ ಯೋಚನೆಯನ್ನೇ ಹಿಡಿದು ಪ್ರಶ್ನಿಸಬೇಕು ಎಂದರು. ಇವತ್ತು ಕೌನ್ಸೆಲಿಂಗ್‌ನಲ್ಲಿ ಎರಡನ್ನೂ ಸೇರಿಸಿ ಬಳಸುತ್ತಾರೆ. ಅಂಥ ಸಹಾಯಕ್ಕೆ ಈಗ ಬೆಂಗಳೂರಿಗೇ ಹೋಗಬೇಕೆಂದಿಲ್ಲ. 14416ಕ್ಕೆ ಫೋನ್ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ತಕರಾರು ಇನ್ನೂ ನಿಂತಿಲ್ಲ. 2015ರಲ್ಲಿ ಸಂಶೋಧಕರ ದೊಡ್ಡ ಗುಂಪೊಂದು ಸೈಕಾಲಜಿಯಲ್ಲಿ ಆಗಲೇ ಪ್ರಕಟವಾಗಿದ್ದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿತು. ಸ್ಪಷ್ಟ ಫಲಿತಾಂಶ ಮತ್ತೆ ಸಿಕ್ಕಿದ್ದು ಸುಮಾರು ಶೇ. 36ರಲ್ಲಿ ಮಾತ್ರ. ಪುಸ್ತಕದಲ್ಲಿ ಅಚ್ಚಾಗಿದೆ ಎಂದ ಮಾತ್ರಕ್ಕೆ ಯಾವುದನ್ನೂ ಕಣ್ಣುಮುಚ್ಚಿ ಬರೆದುಕೊಳ್ಳಬೇಡಿ. ಹಾಗಂತ ಎಲ್ಲವೂ ಬಿದ್ದುಹೋಗಿಲ್ಲ. ಎಬ್ಬಿಂಗ್‌ಹೌಸ್ 1885ರಲ್ಲಿ ತಮ್ಮ ಮೇಲೆಯೇ ಪ್ರಯೋಗ ಮಾಡಿ ಮರೆವಿನ ರೇಖೆ ಎಳೆದಿದ್ದರು: ಕಲಿತದ್ದರಲ್ಲಿ ಹೆಚ್ಚು ಭಾಗ ಮೊದಲ ಕೆಲವು ಗಂಟೆಗಳಲ್ಲೇ ಹೋಗಿಬಿಡುತ್ತದೆ, ಆಮೇಲೆ ಮರೆವು ನಿಧಾನವಾಗುತ್ತದೆ, ಒಂದೇ ಸಲ ಕೂತು ಓದುವುದಕ್ಕಿಂತ ಕೆಲವು ದಿನಗಳಿಗೆ ಹಂಚಿ ತಿರುವಿದರೆ ಕಡಿಮೆ ಸಲ ಓದಿದರೂ ಸಾಕು. ಅದೇ 2015ರಲ್ಲಿ ಇಬ್ಬರು ಸಂಶೋಧಕರು ಆ ರೇಖೆಯನ್ನು ಮತ್ತೆ ಅಳೆದಾಗ ಅದು ಹೆಚ್ಚುಕಡಿಮೆ ಹಾಗೇ ಬಂತು.