ಪೋಲೆಂಡಿನ ನೀಲಿ ಚುಕ್ಕಿಯ ತಟ್ಟೆಯಲ್ಲಿ ದಿನಾ ಊಟ ಮಾಡಬಹುದೇ?

ಪ್ರಶ್ನೆ: ಜರ್ಮನಿಯಲ್ಲಿರುವ ಮಗಳು ಪೋಲೆಂಡಿನಿಂದ ನೀಲಿ ಚುಕ್ಕಿಯ ತಟ್ಟೆ, ಬಟ್ಟಲು ತಂದುಕೊಟ್ಟಿದ್ದಾಳೆ. ಕೈಯಿಂದಲೇ ಬಣ್ಣ ಹಾಕಿದ್ದಂತೆ. ದಿನಾ ಬಳಸಿದರೆ ಬಣ್ಣ ಹೋಗುವುದಿಲ್ಲವೇ? ಹುಳಿ, ಸಾರು ಬಡಿಸಬಹುದೇ?

ಉತ್ತರ: ಧಾರಾಳವಾಗಿ ಬಡಿಸಿ. ಅವು ಊಟಕ್ಕೆಂದೇ ಮಾಡಿದ ಪಾತ್ರೆಗಳು, ಶೋಕೇಸಿಗಲ್ಲ.

ನೀವು ಹೇಳುತ್ತಿರುವುದು ಬಹುಮಟ್ಟಿಗೆ ಬೊಲೆಸ್ವಾವಿಯೆಟ್ಸ್ ಊರಿನ ಪಾತ್ರೆ. ನೈಋತ್ಯ ಪೋಲೆಂಡಿನಲ್ಲಿ, ಬೂಬ್ರ್ ನದಿಯ ದಡದಲ್ಲಿದೆ ಈ ಊರು. ಸುತ್ತಮುತ್ತ ಸಿಗುವ ಜೇಡಿಮಣ್ಣು ಭಾರಿ ಉರಿ ತಡೆಯುತ್ತದೆ. ಅದೇ ಈ ಕಸುಬಿನ ಬಂಡವಾಳ.

ಬಣ್ಣ ಏಕೆ ಹೋಗುವುದಿಲ್ಲ ಎಂಬುದು ಕೆಲಸದ ಕ್ರಮದಲ್ಲೇ ಇದೆ. ಪಾತ್ರೆಯನ್ನು ಮೊದಲು ಒಮ್ಮೆ ಹದವಾಗಿ ಸುಡುತ್ತಾರೆ. ಆಗ ಅದು ನೀರು ಹೀರುವ ಒರಟು ಮೈಯ ಮಣ್ಣಿನ ಪಾತ್ರೆ. ಚಿತ್ತಾರ ಮೂಡುವುದು ಈ ಮೈಮೇಲೆ. ಕೆಲಸಗಾರ್ತಿಯ ಕೈಯಲ್ಲಿ ಸ್ಪಂಜಿನಲ್ಲಿ ಕತ್ತರಿಸಿದ ಪುಟ್ಟ ಅಚ್ಚು. ಅದನ್ನು ಬಣ್ಣಕ್ಕೆ ಅದ್ದಿ, ಬಟ್ಟಲನ್ನು ತಿರುಗಿಸುತ್ತಾ ಒಂದರ ಪಕ್ಕ ಒಂದು ಒತ್ತುತ್ತಾಳೆ. ಒಂದು ಅಚ್ಚಿನಿಂದ ಚುಕ್ಕಿ, ಇನ್ನೊಂದರಿಂದ ಎಲೆ, ಮತ್ತೊಂದರಿಂದ ಹೆಸರುವಾಸಿಯಾದ ನವಿಲುಗಣ್ಣು. ಗೆರೆ, ಬಳ್ಳಿಗಳಿಗೆ ಕುಂಚ. ಹಿಂದೆ ಆಲೂಗೆಡ್ಡೆಯಲ್ಲೂ ಅಚ್ಚು ಕೊರೆಯುತ್ತಿದ್ದರು. ಅಚ್ಚು ಒತ್ತಿದ್ದೆಂದು ಇದನ್ನು ಕಡಿಮೆ ಅಂದಾಜಿಸಬೇಡಿ: ದುಂಡನೆಯ ಬಟ್ಟಲಿನ ಸುತ್ತ ಒತ್ತಿಕೊಂಡು ಬಂದು, ಕೊನೆಯ ಚುಕ್ಕಿ ಮೊದಲನೆಯದರ ಪಕ್ಕಕ್ಕೆ ಸರಿಯಾಗಿ ಕೂರುವಂತೆ ಮಾಡುವುದು ಪಳಗಿದ ಕಣ್ಣಿನ ಕೆಲಸ. ನಿಮ್ಮ ಬಟ್ಟಲನ್ನೇ ತಿರುಗಿಸಿ ನೋಡಿ, ಎಲ್ಲೋ ಒಂದು ಕಡೆ ಚುಕ್ಕಿಗಳ ನಡುವಿನ ಜಾಗ ಕೂದಲೆಳೆಯಷ್ಟು ಹೆಚ್ಚುಕಡಿಮೆ ಆಗಿರುತ್ತದೆ.

ಆಮೇಲೆ ಇಡೀ ಪಾತ್ರೆಗೆ ಪಾರದರ್ಶಕ ಮೆರುಗು ಲೇಪಿಸಿ ಸುಮಾರು 1,250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮತ್ತೆ ಸುಡುತ್ತಾರೆ. ಮೆರುಗು ಕರಗಿ ಗಾಜಾಗುತ್ತದೆ, ಬಣ್ಣ ಅದರ ಕೆಳಗೆ ಉಳಿಯುತ್ತದೆ. ಅಷ್ಟು ಉರಿಯಲ್ಲೂ ಕೆಡದ ಬಣ್ಣಗಳು ಕೆಲವೇ, ಕೋಬಾಲ್ಟ್ ಅವುಗಳಲ್ಲೊಂದು. ನೀಲಿಯೇ ಇಲ್ಲಿ ಮೇಲುಗೈ ಪಡೆದದ್ದು ಅದಕ್ಕೇ. ನಿಮ್ಮ ಹುಣಸೆಹುಳಿ ಮುಟ್ಟುವುದು ಗಾಜನ್ನು, ಬಣ್ಣವನ್ನಲ್ಲ. ಈಗಿನ ತಯಾರಕರು ತಮ್ಮ ಮೆರುಗಿನಲ್ಲಿ ಸೀಸ, ಕ್ಯಾಡ್ಮಿಯಂ ಇಲ್ಲವೆಂದೂ ಹೇಳುತ್ತಾರೆ.

1945ರವರೆಗೆ ಈ ಊರು ಜರ್ಮನಿಯಲ್ಲಿತ್ತು, ಹೆಸರು ಬುನ್ಸ್‌ಲೌ. 1897ರಲ್ಲೇ ಅಲ್ಲಿ ಕುಂಬಾರಿಕೆ ಕಲಿಸುವ ಶಾಲೆ ತೆರೆದಿತ್ತು. ಯುದ್ಧ ಮುಗಿದ ಮೇಲೆ ಜರ್ಮನ್ನರನ್ನು ಹೊರಹಾಕಲಾಯಿತು. ಹೊಸದಾಗಿ ಬಂದು ನೆಲೆಸಿದ ಪೋಲಿಷರು ಪಾಳುಬಿದ್ದ ಆವಿಗೆಗಳಿಗೆ ಮತ್ತೆ ಬೆಂಕಿ ಹಾಕಿದರು. ಊರು ಕೈಬದಲಾದರೂ ಕಸುಬು ನಿಲ್ಲಲಿಲ್ಲ, ಅದು ನನಗೆ ದೊಡ್ಡದಾಗಿ ಕಾಣುತ್ತದೆ.

ಬಳಕೆಯಲ್ಲಿ ಎಚ್ಚರ ಬೇಕಾದದ್ದು ಬಿಸಿ–ತಣ್ಣಗಿನ ಹಠಾತ್ ಬದಲಾವಣೆಗೆ. ಓವನ್, ಮೈಕ್ರೋವೇವ್, ಡಿಶ್‌ವಾಷರ್ ಎಲ್ಲಕ್ಕೂ ಆಗುತ್ತದೆ; ಆದರೆ ಫ್ರಿಜ್‌ನಿಂದ ತೆಗೆದದ್ದನ್ನು ನೇರವಾಗಿ ಕಾದ ಓವನ್‌ಗೆ ಇಡಬೇಡಿ, ಗ್ಯಾಸ್ ಉರಿಯ ಮೇಲಂತೂ ಬೇಡವೇ ಬೇಡ. ತಳದ ಬಳೆಗೆ ಮೆರುಗು ಇರುವುದಿಲ್ಲ, ನುಣುಪಾದ ಮೇಜಿನ ಮೇಲೆ ಎಳೆದರೆ ಗೀರು ಬೀಳುತ್ತದೆ. ಅಂಚು ಒಡೆದು ಮೆರುಗು ಹಾರಿದ ತಟ್ಟೆಯನ್ನು ಮಾತ್ರ ಊಟಕ್ಕೆ ಬಳಸದೆ, ಹೂಕುಂಡದ ಕೆಳಗಿಡಿ.